ಆಟ ಶುರುವಾಗುವ ಮೊದಲೇ 359 ರನ್

ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಕಿತ್ತುಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ. 2016ರ ಫೆಬ್ರವರಿ 9. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯ. ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಯಾರು ನಿಲ್ಲಬೇಕು ಅಂತ ಅಲ್ಲಿನ ಜನ ಅವತ್ತು ಓಟು ಹಾಕಿದರು. ಬರ್ನಿ ಸ್ಯಾಂಡರ್ಸ್‌ಗೆ ನೂರಕ್ಕೆ 60. ಹಿಲರಿ ಕ್ಲಿಂಟನ್‌ಗೆ 38. ಜಗ್ಗಾಟವೇ ಇಲ್ಲ, ಸೀದಾ ಗೆಲುವು. ಈ ಓಟಿನ ಮೇಲೆ ಸ್ಯಾಂಡರ್ಸ್‌ಗೆ 15 ಡೆಲಿಗೇಟ್, ಅಂದರೆ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ಕ್ಲಿಂಟನ್‌ಗೆ 9 ಡೆಲಿಗೇಟ್ ಸಿಕ್ಕವು.

ಮಾರನೇ ದಿನ ಕೆಲವು ಕಡೆ ಬಂದ ಲೆಕ್ಕ ಬೇರೆ. 15–15. ಸಮ ಸಮ.

ಹೇಗೆ? ಆ ರಾಜ್ಯದ ಆರು ಮಂದಿ ಪಕ್ಷದ ದೊಡ್ಡವರು ಮೊದಲೇ ಹಿಲರಿ ಕಡೆ ಅಂತ ಹೇಳಿಬಿಟ್ಟಿದ್ದರು. ಅವರ ಆರು ಓಟನ್ನೂ ಕೂಡಿಸಿದರೆ 9 ಇದ್ದದ್ದು 15 ಆಯಿತು. ಹಿಮದಲ್ಲಿ ನಿಂತು ಓಟು ಹಾಕಿ ಬಂದವನಿಗೆ ಇದನ್ನು ನೋಡಿ ಏನನ್ನಿಸಿರಬೇಡ? ನಮ್ಮಲ್ಲಿ ಇದಕ್ಕೆ ಮಾತೇ ಇದೆಯಲ್ಲ, ದೇವರು ಕೊಟ್ಟರೂ ಪೂಜಾರಿ ಕೊಡ ಅಂತ.

ಈ ಪೂಜಾರಿಗಳಿಗೆ ಅಲ್ಲಿ ಸೂಪರ್ ಡೆಲಿಗೇಟ್ ಅಂತಾರೆ. ಇವತ್ತಿನ ಮಾತು ಅವರ ಬಗ್ಗೆ.

ಮೊದಲು ಸ್ವಲ್ಪ ಹಿನ್ನೆಲೆ. ಗೊತ್ತಿರುವವರು ಎರಡು ನಿಮಿಷ ಕಾಫಿ ಕುಡಿಯಿರಿ. ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವುದು ಪಕ್ಷದ ರಾಷ್ಟ್ರೀಯ ಸಮಾವೇಶ. ಅಲ್ಲಿ ಓಟು ಹಾಕುವವರು ಡೆಲಿಗೇಟುಗಳು. ಚುನಾವಣೆ ನಡೆಯುವ ವರ್ಷ ಜನವರಿ, ಫೆಬ್ರವರಿಯಿಂದ ಜೂನ್‌ವರೆಗೆ ಒಂದೊಂದೇ ರಾಜ್ಯದಲ್ಲಿ ಪ್ರೈಮರಿ (ಪಕ್ಷದೊಳಗಿನ ಚುನಾವಣೆ) ಅಥವಾ ಕಾಕಸ್ (ಪಕ್ಷದವರು ಸಭೆ ಸೇರಿ ಆರಿಸುವುದು) ನಡೆಯುತ್ತದೆ. ಜನ ಹಾಕಿದ ಓಟಿಗೆ ತಕ್ಕಂತೆ ಡೆಲಿಗೇಟುಗಳನ್ನು ಹಂಚುತ್ತಾರೆ. ಟಿವಿಯಲ್ಲಿ ನೋಡಿರುತ್ತೀರಿ, ತಲೆಗೆ ವಿಚಿತ್ರ ಟೋಪಿ ಹಾಕಿಕೊಂಡು, ಕೈಯಲ್ಲಿ ಫಲಕ ಹಿಡಿದು ಕುಣಿಯುತ್ತಿರುತ್ತಾರಲ್ಲ, ಅವರೇ. ಸ್ಕೂಲ್ ಮೇಷ್ಟ್ರು, ಕಾರ್ಮಿಕ ಸಂಘದವರು, ರಿಟೈರ್ ಆದ ನರ್ಸು, ಹೀಗೆ ಸಾಮಾನ್ಯ ಜನ. ಇಂಥವರಿಗೆ ಓಟು ಹಾಕುತ್ತೇವೆ ಅಂತ ಮಾತು ಕೊಟ್ಟು ಬಂದಿರುತ್ತಾರೆ.

ಸೂಪರ್ ಡೆಲಿಗೇಟ್ ಹಾಗಲ್ಲ. ಅವರು ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಅವರಿಗೆ ಆ ಕುರ್ಚಿ ಹುದ್ದೆಯಿಂದ ಬರುತ್ತದೆ. ಡೆಮಾಕ್ರಟಿಕ್ ಪಕ್ಷದ ಎಲ್ಲ ಸೆನೆಟರುಗಳು, ಎಲ್ಲ ಗವರ್ನರುಗಳು, ಕೆಳಮನೆಯ ಎಲ್ಲ ಸದಸ್ಯರು. ಮಾಜಿ ಅಧ್ಯಕ್ಷರು, ಮಾಜಿ ಉಪಾಧ್ಯಕ್ಷರು. ಜೊತೆಗೆ ಪಕ್ಷದ ರಾಷ್ಟ್ರೀಯ ಸಮಿತಿಯ ಸದಸ್ಯರು. ಈ ಕೊನೆಯ ಗುಂಪೇ ದೊಡ್ಡದು. 2016ರಲ್ಲಿ ಒಟ್ಟು ಸೂಪರ್ ಡೆಲಿಗೇಟುಗಳು 700 ಚಿಲ್ಲರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಸಮಿತಿಯವರೇ. ಇವರಲ್ಲಿ ಬಹಳ ಜನರ ಹೆಸರು ಅವರ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಕೆಲವರು ಲಾಬಿ ಮಾಡುವುದನ್ನೇ ಕಸುಬು ಮಾಡಿಕೊಂಡವರು. ಒಂದು ತಮಾಷೆ ಹೇಳುತ್ತೇನೆ. ಮಾಜಿ ಅಧ್ಯಕ್ಷ ಅನ್ನುವ ಕಾರಣಕ್ಕೆ ಬಿಲ್ ಕ್ಲಿಂಟನ್ ಕೂಡ ಸೂಪರ್ ಡೆಲಿಗೇಟ್. ಹೆಂಡತಿ ಅಭ್ಯರ್ಥಿ, ಗಂಡನಿಗೆ ಒಂದು ಓಟು. ಅದು ಯಾರ ಕಡೆ ಅಂತ ಪತ್ರಿಕೆಯವರು ಫೋನ್ ಮಾಡಿ ಕೇಳಬೇಕಾಗಿರಲಿಲ್ಲ.

‘ಚುನಾಯಿತರಲ್ಲದ ಡೆಲಿಗೇಟುಗಳು’ ಅಂತ ಇವರನ್ನು ಬೈಯುವುದುಂಟು. ಅದು ಪೂರ್ತಿ ಸರಿಯಲ್ಲ. ಸೆನೆಟರ್ ಆದವರು ಚುನಾವಣೆ ಗೆದ್ದೇ ಬಂದಿರುತ್ತಾರೆ. ಆದರೆ ಅವರನ್ನು ಜನ ಈ ಕೆಲಸಕ್ಕೆ ಆರಿಸಿರುವುದಿಲ್ಲ.

ಸರಿ, ಈ ಏರ್ಪಾಡು ಯಾಕೆ ಬಂತು? ಇದಕ್ಕೆ 1968ಕ್ಕೆ ಹೋಗಬೇಕು.

ವಿಯೆಟ್ನಾಂ ಯುದ್ಧದ ವರ್ಷ. ಅಧ್ಯಕ್ಷ ಲಿಂಡನ್ ಜಾನ್ಸನ್ ಮಾರ್ಚ್ ಕೊನೆಗೆ ನಾನು ಮತ್ತೆ ನಿಲ್ಲುವುದಿಲ್ಲ ಅಂದರು. ಯುದ್ಧ ಬೇಡ ಅನ್ನುತ್ತಿದ್ದ ಯೂಜೀನ್ ಮೆಕಾರ್ಥಿ ಮತ್ತು ರಾಬರ್ಟ್ ಕೆನಡಿ ಪ್ರೈಮರಿಗಳಲ್ಲಿ ಓಡಾಡಿ ಓಟು ಕೇಳಿದರು. ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾ ಗೆದ್ದ ರಾತ್ರಿಯೇ, ಕೆನಡಿಗೆ ಗುಂಡು ಬಿತ್ತು. ಕೊನೆಗೆ ಆಗಸ್ಟ್‌ನಲ್ಲಿ ಶಿಕಾಗೊ ಸಮಾವೇಶದಲ್ಲಿ ಟಿಕೆಟ್ ಸಿಕ್ಕಿದ್ದು ಯಾರಿಗೆ? ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ. ಅವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ. ಆಗ ಬಹುಪಾಲು ಡೆಲಿಗೇಟುಗಳು ರಾಜ್ಯದ ಪಕ್ಷದ ಯಜಮಾನರ ಜೇಬಿನಲ್ಲಿ ಇರುತ್ತಿದ್ದರು. ಒಳಗೆ ಹಂಫ್ರಿಗೆ ಜೈಕಾರ. ಹೊರಗೆ, ಮಿಷಿಗನ್ ಅವೆನ್ಯೂದಲ್ಲಿ, ಪೊಲೀಸರು ಹುಡುಗರನ್ನು ಲಾಠಿಯಲ್ಲಿ ಬಡಿಯುತ್ತಿದ್ದರು. ಅಶ್ರುವಾಯು ಹೋಟೆಲಿನ ಕಿಟಕಿಗಳವರೆಗೂ ಏರಿತು. ಎರಡನ್ನೂ ಇಡೀ ದೇಶ ಒಂದೇ ಟಿವಿಯಲ್ಲಿ ನೋಡಿತು. ನವೆಂಬರಿನಲ್ಲಿ ನಿಕ್ಸನ್ ಗೆದ್ದರು.

ಆಮೇಲೆ ಪಕ್ಷಕ್ಕೆ ಬುದ್ಧಿ ಬಂತು. ಒಂದು ಸಮಿತಿ ಮಾಡಿದರು. ಅದಕ್ಕೆ ಮೊದಲು ಜಾರ್ಜ್ ಮೆಕ್‌ಗವರ್ನ್ ಅಧ್ಯಕ್ಷರು, ನಂತರ ಡೊನಾಲ್ಡ್ ಫ್ರೇಸರ್. ಯಜಮಾನರ ಕೈಯಿಂದ ಕೀಲಿಕೈ ಕಿತ್ತು ಜನರ ಕೈಗೆ ಕೊಟ್ಟರು. ರಾಜ್ಯ ರಾಜ್ಯದಲ್ಲೂ ಪ್ರೈಮರಿ ಬಂದವು. 1972ರಲ್ಲಿ ಆ ಹೊಸ ನಿಯಮಗಳ ಅಡಿ ಟಿಕೆಟ್ ಗೆದ್ದವರು ಯಾರು ಗೊತ್ತಾ? ಅದೇ ಮೆಕ್‌ಗವರ್ನ್. ನಿಯಮ ಬರೆದವರಿಗೆ ನಿಯಮ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಆದರೆ ನವೆಂಬರಿನಲ್ಲಿ 49 ರಾಜ್ಯ ಸೋತರು. ಮ್ಯಾಸಚೂಸೆಟ್ಸ್ ಒಂದು, ರಾಜಧಾನಿ ವಾಷಿಂಗ್ಟನ್ ಒಂದು. ಅಷ್ಟೇ ಉಳಿದದ್ದು.

1980ರದ್ದು ಇನ್ನೊಂದು ಕಥೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಜಿಮ್ಮಿ ಕಾರ್ಟರ್ ಅಧ್ಯಕ್ಷರು. ಬೆಲೆ ಏರಿಕೆ, ಇರಾನಿನಲ್ಲಿ ಒತ್ತೆಯಾಳುಗಳು. ಪ್ರೈಮರಿಗಳಲ್ಲಿ ಕಾರ್ಟರ್ ಗೆದ್ದಿದ್ದರು. ಸಮಾವೇಶದ ಹೊತ್ತಿಗೆ ಅವರ ಜನಪ್ರಿಯತೆ ನೆಲ ಕಚ್ಚಿತ್ತು. ಎದುರಾಳಿ ಟೆಡ್ ಕೆನಡಿ, ರಾಬರ್ಟ್ ಕೆನಡಿಯ ತಮ್ಮ, ನ್ಯೂಯಾರ್ಕ್ ಸಮಾವೇಶದಲ್ಲಿ ಒಂದು ಬೇಡಿಕೆ ಇಟ್ಟರು. ಡೆಲಿಗೇಟುಗಳನ್ನು ಮಾತಿನ ಕಟ್ಟಿನಿಂದ ಬಿಡಿಸಿ, ಅವರಿಗೆ ಸರಿ ಅನ್ನಿಸಿದವರಿಗೆ ಓಟು ಹಾಕಲಿ ಅಂತ. ಕಾರ್ಟರ್ ಕಡೆಯವರು ಒಪ್ಪಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ ಅನ್ನುವ ನಿಯಮ ಉಳಿಯಿತು. ಕಾರ್ಟರ್ ಅಭ್ಯರ್ಥಿಯಾದರು. ರೇಗನ್ ಎದುರು 44 ರಾಜ್ಯ ಸೋತರು.

ಇಷ್ಟಾದ ಮೇಲೆ ಪಕ್ಷದ ಹಿರಿಯರು ಕೂತು ಯೋಚಿಸಿದರು. ನಾವು ಮನೆ ಬಿಟ್ಟು ಹೊರಗೆ ನಿಂತಿದ್ದೇವಲ್ಲ ಅಂತ. ಅವರದ್ದೂ ಒಂದು ನಿಜವಾದ ಕಷ್ಟ ಇತ್ತು. ಹೊಸ ಪದ್ಧತಿಯಲ್ಲಿ ಒಬ್ಬ ಸಂಸದ ಸಮಾವೇಶಕ್ಕೆ ಹೋಗಬೇಕಾದರೆ ತನ್ನದೇ ಕ್ಷೇತ್ರದ ಕಾರ್ಯಕರ್ತನ ಎದುರು ಡೆಲಿಗೇಟ್ ಸ್ಥಾನಕ್ಕೆ ನಿಲ್ಲಬೇಕು. ಗೆದ್ದರೆ ಕಾರ್ಯಕರ್ತ ಮುನಿಸಿಕೊಳ್ಳುತ್ತಾನೆ. ಸೋತರೆ ಮಾನ ಹೋಗುತ್ತದೆ. ಯಾರಿಗೆ ಬೇಕು? ಅದಕ್ಕೆ ಸುಮ್ನೆ ಮನೆಯಲ್ಲಿ ಉಳಿಯುತ್ತಿದ್ದರು.

ನಾರ್ತ್ ಕ್ಯಾರೊಲಿನಾದ ಗವರ್ನರ್ ಜಿಮ್ ಹಂಟ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ಕೂತಿತು. 1982ರಲ್ಲಿ ಪರಿಹಾರ ಬಂತು. ಹಿರಿಯರಿಗೆ ನೇರವಾಗಿ ಕುರ್ಚಿ ಕೊಡೋಣ, ಯಾರಿಗೂ ಮಾತು ಕೊಡದೆ ಬರಲಿ, ಏನಾದರೂ ಎಡವಟ್ಟಾದರೆ ಬ್ರೇಕ್ ಹಾಕಲಿ. ನೂರಕ್ಕೆ 30 ಪಾಲು ಬೇಕು ಅಂತ ಕೇಳಿದವರಿದ್ದರು. ಎಳೆದಾಡಿ ಸುಮಾರು 14ಕ್ಕೆ ನಿಂತಿತು. ಅದೇ ಹೊತ್ತಿಗೆ 1980ರ ಆ ಬಿಗಿ ಕಟ್ಟನ್ನೂ ಸಡಿಲ ಮಾಡಿದರು. ಸಾಮಾನ್ಯ ಡೆಲಿಗೇಟು ತನ್ನನ್ನು ಕಳಿಸಿದವರ ಮನಸ್ಸಿನಂತೆ ಆತ್ಮಸಾಕ್ಷಿಯಿಂದ ನಡೆಯಬೇಕು, ಅಷ್ಟೇ ಅಂದರು. ಆತ್ಮಸಾಕ್ಷಿ ಅನ್ನುವ ಈ ಪದವನ್ನೂ ನೆನಪಿಟ್ಟುಕೊಳ್ಳಿ.

ಮೊದಲ ಪರೀಕ್ಷೆ 1984ರಲ್ಲಿ. ವಾಲ್ಟರ್ ಮಾಂಡೇಲ್ ಹಳೆಯ ಕೈ. ಗ್ಯಾರಿ ಹಾರ್ಟ್ ಹೊಸ ಗಾಳಿ. ಮೂರನೆಯವರು ಜೆಸ್ಸಿ ಜ್ಯಾಕ್ಸನ್. ಜೂನ್ 5ಕ್ಕೆ ಕೊನೆಯ ಪ್ರೈಮರಿಗಳು ಮುಗಿದವು. ನ್ಯೂ ಜೆರ್ಸಿ ಮಾಂಡೇಲ್‌ಗೆ, ಕ್ಯಾಲಿಫೋರ್ನಿಯಾ ಹಾರ್ಟ್‌ಗೆ. ಮಾಂಡೇಲ್ ಮುಂದಿದ್ದರು, ಬಹುಮತಕ್ಕೆ ಇನ್ನೊಂದಷ್ಟು ಕಮ್ಮಿ. ಮಾರನೇ ದಿನ ಬೆಳಿಗ್ಗೆ ಅವರು ಫೋನ್ ಹಿಡಿದು ಕೂತರು. ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೆ ಕರೆ. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಭರ್ತಿಯಾಯಿತು. ನಾನೇ ಅಭ್ಯರ್ಥಿ ಅಂತ ಘೋಷಿಸಿಯೂ ಬಿಟ್ಟರು. ಒಂದು ಬೆಳಗಿನ ಫೋನ್ ಕೆಲಸ! ನವೆಂಬರಿನಲ್ಲಿ ಅವರೂ 49 ರಾಜ್ಯ ಸೋತರು. ಗೆಲ್ಲುವ ಕುದುರೆಯನ್ನು ಗುರುತಿಸುತ್ತೇವೆ ಅಂತ ಬಂದ ಹಿರಿಯರ ಮೊದಲ ಬೋಣಿ ಇದು.

ನಾಲ್ಕು ವರ್ಷ ಬಿಟ್ಟು ಜೆಸ್ಸಿ ಜ್ಯಾಕ್ಸನ್ ಮತ್ತೆ ನಿಂತರು. ಬಿದ್ದ ಓಟಿಗೆ ತಕ್ಕಷ್ಟು ಡೆಲಿಗೇಟು ಕೊಡಿ ಅಂತ ಪಟ್ಟು ಹಿಡಿದರು. ಅವರ ಒತ್ತಾಯಕ್ಕೆ ಪಕ್ಷ ಎಲ್ಲ ರಾಜ್ಯಗಳಲ್ಲೂ ಪ್ರಮಾಣಕ್ಕೆ ಸರಿಯಾಗಿ ಹಂಚುವ ಪದ್ಧತಿಗೆ ಬಂತು. ನೂರಕ್ಕೆ 15 ಓಟು ದಾಟಿದವರಿಗೆಲ್ಲ ಪಾಲು. ನ್ಯಾಯವೇ. ಆದರೆ ಇದರ ಒಂದು ಅಡ್ಡ ಪರಿಣಾಮ ನೋಡಿ. ಇಬ್ಬರು ಗಟ್ಟಿ ಅಭ್ಯರ್ಥಿಗಳಿದ್ದರೆ ಪ್ರತಿ ರಾಜ್ಯದಲ್ಲೂ 55–45, 52–48 ಅಂತ ಹಂಚಿಹೋಗುತ್ತದೆ. ಯಾರೊಬ್ಬರೂ ಬೇಗ ಬಹುಮತ ಮುಟ್ಟುವುದಿಲ್ಲ. ಕೊನೆಗೆ ಆ ಉಳಿದ ಗುಂಪಿನ ಕಡೆ ಕೈಚಾಚಲೇಬೇಕು. ಅಂದರೆ ಜನರ ಓಟಿಗೆ ನ್ಯಾಯ ಕೊಡಲು ಮಾಡಿದ ಬದಲಾವಣೆಯೇ ಸೂಪರ್ ಡೆಲಿಗೇಟುಗಳ ಬೆಲೆ ಏರಿಸಿತು.

2008ರಲ್ಲಿ ಆಗಿದ್ದು ಇದೇ. ಒಬಾಮ, ಹಿಲರಿ ಇಬ್ಬರೂ ಕೂದಲೆಳೆ ಅಂತರದಲ್ಲಿ ಓಡುತ್ತಿದ್ದರು. ವರ್ಷದ ಶುರುವಿನಲ್ಲಿ ಸೂಪರ್ ಡೆಲಿಗೇಟುಗಳ ಪೈಕಿ ಹಿಲರಿ ಬಹಳ ಮುಂದಿದ್ದರು. ಉಳಿದವರಿಗೆ ಎಲ್ಲಿಲ್ಲದ ಮರ್ಯಾದೆ ಶುರುವಾಯಿತು.

ಒಬ್ಬ ಹುಡುಗನ ಕಥೆ ಕೇಳಿ. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಕಾಲೇಜು ಓದುತ್ತಿದ್ದ. ವಯಸ್ಸು 21. ಪಕ್ಷದ ರಾಷ್ಟ್ರೀಯ ಸಮಿತಿಗೆ ಆಯ್ಕೆಯಾಗಿದ್ದರಿಂದ ಅವನೂ ಸೂಪರ್ ಡೆಲಿಗೇಟ್. ಅವನನ್ನು ಬೆಳಗಿನ ತಿಂಡಿಗೆ ಕರೆದುಕೊಂಡು ಹೋದದ್ದು ಹಿಲರಿಯ ಮಗಳು ಚೆಲ್ಸಿಯಾ ಕ್ಲಿಂಟನ್. ಫೋನ್ ಮಾಡಿದವರು ಯಾರ್ಯಾರು? ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್. ಮಾಜಿ ವಿದೇಶಾಂಗ ಸಚಿವೆ ಮೆಡಲಿನ್ ಆಲ್‌ಬ್ರೈಟ್. ಒಬಾಮ ಕಡೆಯಿಂದ ಸೆನೆಟರ್ ಜಾನ್ ಕೆರಿ. ಸುಮ್ನೆ ಕಲ್ಪಿಸಿಕೊಳ್ಳಿ. ಹಾಸ್ಟೆಲ್ ವಯಸ್ಸಿನ ಹುಡುಗ, ಕಿಸೆಯಲ್ಲಿ ಮೊಬೈಲು, ಆ ಕಡೆಯಿಂದ ‘ನಾನು ಬಿಲ್ ಕ್ಲಿಂಟನ್’. ಅಷ್ಟೆಲ್ಲಾ ಆದ ಮೇಲೆ ಅವನು ಹೋದದ್ದು ಒಬಾಮ ಕಡೆ. ತಿಂಡಿಯ ಋಣ ಓಟಿಗೆ ಸಾಲಲಿಲ್ಲ.

ಇನ್ನೊಂದು ತೂಕದ ಉದಾಹರಣೆ ಜಾನ್ ಲೂಯಿಸ್ ಅವರದ್ದು. 1965ರಲ್ಲಿ ಸೆಲ್ಮಾ ಸೇತುವೆಯ ಮೇಲೆ ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದು, ಪೊಲೀಸರಿಂದ ತಲೆ ಒಡೆಸಿಕೊಂಡವರು. ಅಟ್ಲಾಂಟಾದ ಸಂಸದ. ಕ್ಲಿಂಟನ್ ದಂಪತಿಗೆ ಹಳೆಯ ಸ್ನೇಹಿತರು. ಹಾಗಾಗಿ ಮೊದಲು ಹಿಲರಿ ಕಡೆ ಅಂದಿದ್ದರು. ಫೆಬ್ರವರಿಯಲ್ಲಿ ಅವರ ಕ್ಷೇತ್ರದ ಜನ ರಾಶಿ ರಾಶಿಯಾಗಿ ಒಬಾಮಗೆ ಓಟು ಹಾಕಿದರು. ಲೂಯಿಸ್ ಪೇಚಿಗೆ ಸಿಕ್ಕರು. ಓಟಿನ ಹಕ್ಕಿಗಾಗಿ ರಕ್ತ ಸುರಿಸಿದವರು ಈಗ ತಮ್ಮ ಜನರ ಓಟಿನ ವಿರುದ್ಧ ನಿಲ್ಲುವುದು ಹೇಗೆ? ತಿಂಗಳ ಕೊನೆಗೆ ಒಬಾಮ ಕಡೆ ಬಂದರು.

ಆಗಲೇ ಕೆಳಮನೆಯ ಸ್ಪೀಕರ್ ನ್ಯಾನ್ಸಿ ಪೆಲೋಸಿ ಒಂದು ಮಾತು ಹೇಳಿದರು. ಜನರ ತೀರ್ಪನ್ನು ಸೂಪರ್ ಡೆಲಿಗೇಟುಗಳು ತಿರುಗಿಸಿದರೆ ಪಕ್ಷಕ್ಕೇ ಪೆಟ್ಟು ಅಂತ. ಹಿಲರಿಗೆ ದುಡ್ಡು ಕೊಡುತ್ತಿದ್ದ ಕೆಲವು ದೊಡ್ಡ ಕುಳಗಳು ಸಿಟ್ಟಾಗಿ ಪೆಲೋಸಿಗೆ ಪತ್ರ ಬರೆದರು. ಪತ್ರದಿಂದ ಏನೂ ಆಗಲಿಲ್ಲ. ಮೇ ತಿಂಗಳಲ್ಲಿ ಸೂಪರ್ ಡೆಲಿಗೇಟ್ ಲೆಕ್ಕದಲ್ಲೂ ಒಬಾಮ ಮುಂದೆ ಬಂದರು. ಜೂನ್ 3, ಕೊನೆಯ ಪ್ರೈಮರಿಗಳ ದಿನ, ಬೆಳಿಗ್ಗೆಯಿಂದ ಒಬ್ಬೊಬ್ಬರೇ ಬಾಯಿಬಿಟ್ಟರು. ಗಾಳಿ ಬಂದಾಗ ತೂರಿಕೊಳ್ಳುವುದು ಎಲ್ಲ ದೇಶದ ರಾಜಕಾರಣಿಗೂ ಗೊತ್ತು. ರಾತ್ರಿಯ ಹೊತ್ತಿಗೆ ಒಬಾಮ ಗೆರೆ ದಾಟಿದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. 1984ರಿಂದ ಇವತ್ತಿನವರೆಗೆ, ಜನ ಆರಿಸಿದ ಡೆಲಿಗೇಟುಗಳಲ್ಲಿ ಮುಂದಿದ್ದವರನ್ನು ಸೂಪರ್ ಡೆಲಿಗೇಟುಗಳು ಕೆಡವಿದ್ದು ಒಂದು ಸಲವೂ ಇಲ್ಲ. ಒಂದೇ ಒಂದು ಸಲವೂ ಇಲ್ಲ. ಹಾಗಾದರೆ ಇಷ್ಟೊಂದು ಗಲಾಟೆ ಯಾಕೆ? ನನ್ನ ಪ್ರಕಾರ ಅವರ ಬಲ ಇದ್ದದ್ದು ಓಟಿನಲ್ಲಿ ಅಲ್ಲ. ಬಾಯಿ ಬಿಡುವುದರಲ್ಲಿ, ಅದೂ ಯಾವಾಗ ಬಿಡುತ್ತಾರೆ ಅನ್ನುವುದರಲ್ಲಿ.

ಈಗ ಮತ್ತೆ 2016ಕ್ಕೆ ಬನ್ನಿ. 2015ರ ನವೆಂಬರ್. ಯಾವ ರಾಜ್ಯದಲ್ಲೂ ಇನ್ನೂ ಒಂದು ಓಟೂ ಬಿದ್ದಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಸೂಪರ್ ಡೆಲಿಗೇಟುಗಳಿಗೆಲ್ಲ ಫೋನ್ ಹಚ್ಚಿ ನೀವು ಯಾರ ಕಡೆ ಅಂತ ಕೇಳಿತು. ಹಿಲರಿ 359. ಸ್ಯಾಂಡರ್ಸ್ 8. ಮೂರನೇ ಅಭ್ಯರ್ಥಿ ಮಾರ್ಟಿನ್ ಓಮ್ಯಾಲಿ 2. ಕ್ರಿಕೆಟ್ ಭಾಷೆಯಲ್ಲಿ ಹೇಳುವುದಾದರೆ ಟಾಸ್ ಕೂಡ ಆಗಿಲ್ಲ, ಸ್ಕೋರ್‌ಬೋರ್ಡಿನಲ್ಲಿ ಆಗಲೇ 359 ರನ್.

ಅಯೋವಾದಲ್ಲಿ ಹಿಲರಿಗೆ 23 ಡೆಲಿಗೇಟ್, ಸ್ಯಾಂಡರ್ಸ್‌ಗೆ 21. ನ್ಯೂ ಹ್ಯಾಂಪ್‌ಶೈರ್ ನಾನು ಆಗಲೇ ಹೇಳಿದೆ, 9 ಮತ್ತು 15. ಕೂಡಿಸಿ. ಸ್ಯಾಂಡರ್ಸ್ 36, ಹಿಲರಿ 32. ಜನರ ಓಟಿನ ಲೆಕ್ಕದಲ್ಲಿ ಸ್ಯಾಂಡರ್ಸ್ ಮುಂದೆ. ಆದರೆ ಟಿವಿ ಹಾಕಿದವರಿಗೆ ಕಂಡದ್ದು ಹಿಲರಿಗೆ 400ರ ಹತ್ತಿರ, ಸ್ಯಾಂಡರ್ಸ್‌ಗೆ 40 ಚಿಲ್ಲರೆ. ಎರಡು ಥರದ ಡೆಲಿಗೇಟುಗಳನ್ನು ಒಂದೇ ಚೀಲಕ್ಕೆ ಸುರಿದು ತೂಗಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ ಇದ್ದರೂ ಯಾರು ಓದುತ್ತಾರೆ? ಆ ಮನುಷ್ಯನಿಗೆ ಓಟು ಹಾಕಿ ಏನು ಪ್ರಯೋಜನ, ಸೋತೇ ಹೋಗಿದ್ದಾನಲ್ಲ ಅನ್ನಿಸುವುದು ಸಹಜ. ದುಡ್ಡು ಕೊಡುವವರಿಗೂ ಹಾಗೇ ಅನ್ನಿಸುತ್ತದೆ. ಸೂಪರ್ ಡೆಲಿಗೇಟುಗಳು ಜುಲೈನಲ್ಲಿ ಹಾಕಬೇಕಾದ ಓಟು ಫೆಬ್ರವರಿಯಲ್ಲೇ ಕೆಲಸ ಮಾಡಿ ಮುಗಿಸಿತ್ತು.

ವಾಷಿಂಗ್ಟನ್ ರಾಜ್ಯದ ಕಾಕಸ್‌ನಲ್ಲಿ ಸ್ಯಾಂಡರ್ಸ್‌ಗೆ ನೂರಕ್ಕೆ 70ಕ್ಕೂ ಜಾಸ್ತಿ. ಅಲ್ಲಿನ ದೊಡ್ಡವರು ಮಾತ್ರ ಹಿಲರಿಯನ್ನು ಬಿಡಲಿಲ್ಲ. ಎಲ್ಲರೂ ಜಾನ್ ಲೂಯಿಸ್ ಆಗುವುದಿಲ್ಲವಲ್ಲ.

ಎಲ್ಲಕ್ಕಿಂತ ಕೆಟ್ಟದಾಗಿ ಕಂಡದ್ದು ಜೂನ್ 6ರ ಸಂಜೆ. ಮಾರನೇ ದಿನ ಕ್ಯಾಲಿಫೋರ್ನಿಯಾ ಪ್ರೈಮರಿ. ಜನಸಂಖ್ಯೆಯಲ್ಲಿ ಅತಿ ದೊಡ್ಡ ರಾಜ್ಯ. ಹಿಂದಿನ ಸಂಜೆಯೇ ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಬಿಟ್ಟಿತು, ಹಿಲರಿ ಗೆದ್ದಾಯಿತು ಅಂತ. ಲೆಕ್ಕ ಹೀಗೆ: ಜನರ ಓಟಿನಿಂದ ಬಂದ ಡೆಲಿಗೇಟ್ 1,812. ಸೂಪರ್ ಡೆಲಿಗೇಟ್ 571. ಕೂಡಿಸಿದರೆ 2,383, ಬೇಕಾದಷ್ಟೇ. ಕೊನೆಯ ಒಂದಷ್ಟು ಮಂದಿ ಫೋನಿನಲ್ಲಿ ಹೂಂ ಅಂದಿದ್ದರಿಂದ ಗೆರೆ ದಾಟಿತ್ತು. ಬೆಳಿಗ್ಗೆ ಎದ್ದು ಸಾಲಿನಲ್ಲಿ ನಿಲ್ಲಬೇಕಿದ್ದ ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ರಾತ್ರಿಯೇ ಮುಗೀತು ಮನೆಗೆ ಹೋಗಿ ಅಂದ ಹಾಗಾಯಿತು. ಹಿಲರಿ ಕಡೆಯವರಿಗೂ ಇದು ಖುಷಿ ಕೊಡಲಿಲ್ಲ. ಅವರ ಜನವೂ ಮನೆಯಲ್ಲೇ ಉಳಿದರೆ?

ಈಗ ನ್ಯಾಯವಾಗಿ ಒಂದು ಮಾತು ಹೇಳಬೇಕು. ಹಿಲರಿ ಜನರ ಓಟಿನಲ್ಲೂ ಗೆದ್ದಿದ್ದರು. ನೂರಕ್ಕೆ 55ರಷ್ಟು ಓಟು. ಡೆಲಿಗೇಟುಗಳಲ್ಲಿ 2,205, ಸ್ಯಾಂಡರ್ಸ್‌ಗೆ 1,846. ಸೂಪರ್ ಡೆಲಿಗೇಟುಗಳೇ ಇಲ್ಲದಿದ್ದರೂ ಗೆಲ್ಲುತ್ತಿದ್ದರು. ಪಕ್ಷಕ್ಕೆ ಆದ ದುರಂತ ಇದೇ ಅಂತ ನನಗನ್ನಿಸುತ್ತದೆ. ಸರಿಯಾಗಿ ಗೆದ್ದವರ ಗೆಲುವಿನ ಮೇಲೂ ಅನುಮಾನದ ಮಸಿ ಬಳಿದದ್ದು ಈ 359. ಇನ್ನೊಂದು ಕಡೆ ಸ್ಯಾಂಡರ್ಸ್ ಅವರನ್ನೂ ನೋಡಿ. ಈ ಪದ್ಧತಿಯೇ ಅನ್ಯಾಯ ಅನ್ನುತ್ತಿದ್ದವರು ಮೇ, ಜೂನ್ ಹೊತ್ತಿಗೆ ಅದೇ ಸೂಪರ್ ಡೆಲಿಗೇಟುಗಳಿಗೆ ನನ್ನ ಕಡೆ ಬನ್ನಿ, ಟ್ರಂಪ್ ಎದುರು ನಾನೇ ಗಟ್ಟಿ ಅಂತ ಕೇಳಿದರು. ಬಾಗಿಲು ಮುರಿಯಿರಿ ಅಂದವರು ಅದೇ ಬಾಗಿಲು ತಟ್ಟಿದರು. ಅವರನ್ನು ತಪ್ಪು ಅನ್ನಲಾರೆ, ಚುನಾವಣೆ ಅಂದರೆ ಹಾಗೇ.

ಪಕ್ಷದ ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಜ್ ಟಿವಿ ಸಂದರ್ಶನದಲ್ಲಿ ಈ ಏರ್ಪಾಡನ್ನು ಸಮರ್ಥಿಸಿದರು. ನಾಯಕರು ಕಾರ್ಯಕರ್ತರ ಎದುರು ಸ್ಪರ್ಧಿಸುವ ಹಾಗಾಗಬಾರದು ಅನ್ನುವುದಕ್ಕೇ ಇದು ಇರೋದು ಅಂತ. ನಾನು ಆಗ ಹೇಳಿದೆನಲ್ಲ, 1982ರ ಅದೇ ಕಾರಣ. ಒಳಗಿನವರಿಗೆ ಅದು ಸೌಜನ್ಯದ ಮಾತು. ಟಿವಿ ಮುಂದೆ ಕೂತ ಸ್ಯಾಂಡರ್ಸ್ ಬೆಂಬಲಿಗರಿಗೆ ಅದು ಕೇಳಿಸಿದ್ದು ಬೇರೆ ಥರ. ಜುಲೈನಲ್ಲಿ ಪಕ್ಷದ ಕಚೇರಿಯ ಇಮೇಲುಗಳು ಬಯಲಾದವು, ಕಚೇರಿಯ ಕೆಲವರಿಗೆ ಸ್ಯಾಂಡರ್ಸ್ ಕಂಡರೆ ಆಗದು ಅನ್ನುವುದು ಅವುಗಳಲ್ಲಿ ಕಂಡಿತು. ಸಮಾವೇಶದ ಹಿಂದಿನ ದಿನ ಅವರು ರಾಜೀನಾಮೆ ಘೋಷಿಸಿದರು.

2018ರ ಆಗಸ್ಟ್ 25. ಜಾಗ ಶಿಕಾಗೊ. 1968ರ ಆ ಆಗಸ್ಟಿಗೆ ಸರಿಯಾಗಿ 50 ವರ್ಷ. ಪಕ್ಷದ ರಾಷ್ಟ್ರೀಯ ಸಮಿತಿ ಸೇರಿ ನಿಯಮ ಬದಲಿಸಿತು. ಸೂಪರ್ ಡೆಲಿಗೇಟುಗಳು ಸಮಾವೇಶಕ್ಕೆ ಬರಬಹುದು, ಕೂರಬಹುದು. ಮೊದಲ ಸುತ್ತಿನಲ್ಲಿ ಓಟು ಇಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದಿದ್ದರೆ ಎರಡನೇ ಸುತ್ತಿನಲ್ಲಿ ಹಾಕಬಹುದು. ಮೊದಲೇ ಫಲಿತಾಂಶದ ಬಗ್ಗೆ ಅನುಮಾನವೇ ಇಲ್ಲದಿದ್ದರೆ ಮೊದಲ ಸುತ್ತಿನಲ್ಲೂ ಹಾಕಬಹುದು. ನೀವು ನಗುತ್ತಿದ್ದೀರಿ, ಸರಿಯೇ. ಓಟಿಗೆ ಬೆಲೆ ಇಲ್ಲದಾಗ ಹಾಕಿ, ಬೆಲೆ ಇದ್ದಾಗ ಸುಮ್ಮನಿರಿ ಅಂದ ಹಾಗೆ. ಎರಡನೇ ಸುತ್ತು ಬರುವುದೂ ಅಪರೂಪವೇ. ಯಾವುದೇ ದೊಡ್ಡ ಪಕ್ಷದ ಸಮಾವೇಶ ಒಂದು ಸುತ್ತು ಮೀರಿ ಹೋಗಿದ್ದು ಕಡೆಯ ಸಲ 1952ರಲ್ಲಿ.

ಇದನ್ನು ವಿರೋಧಿಸಿದವರಲ್ಲಿ ಕಪ್ಪು ಸಂಸದರು ಹಲವರಿದ್ದರು. ಅವರ ಮಾತಿನಲ್ಲಿ ನೋವಿತ್ತು. ತಲೆಮಾರುಗಟ್ಟಲೆ ಹೊಡೆದಾಡಿ ಈ ಮೇಜಿನ ಹತ್ತಿರ ಒಂದು ಕುರ್ಚಿ ಗಿಟ್ಟಿಸಿಕೊಂಡಿದ್ದೇವೆ. ನಾವು ಕೂತ ಮೇಲೆ ಓಟು ಬೇಡ ಅಂತೀರಾ? ಇದಕ್ಕೆ ಸುಲಭದ ಉತ್ತರ ನನ್ನ ಹತ್ತಿರ ಇಲ್ಲ. ಬದಲಾವಣೆಯ ಪರ ಇದ್ದವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂತಲೇ ನನ್ನ ಅನಿಸಿಕೆ. ಕೊನೆಗೆ ಮಾತ್ರ ದನಿಮತದಲ್ಲಿ ಪಾಸಾಯಿತು.

ಓಟು ಹೋಯಿತು. ಬಲ ಹೋಯಿತಾ?

2020ರ ಫೆಬ್ರವರಿ. ಲಾಸ್ ವೇಗಾಸ್‌ನಲ್ಲಿ ಚರ್ಚೆ. ಎಲ್ಲರಿಗಿಂತ ಹೆಚ್ಚು ಡೆಲಿಗೇಟ್ ಪಡೆದವರೇ ಅಭ್ಯರ್ಥಿ ಆಗಬೇಕಾ ಅಂತ ಪ್ರಶ್ನೆ. ವೇದಿಕೆಯ ಮೇಲಿದ್ದ ಆರು ಜನರಲ್ಲಿ ಹೌದು ಅಂದವರು ಸ್ಯಾಂಡರ್ಸ್ ಒಬ್ಬರೇ. ಉಳಿದವರ ಮನಸ್ಸಿನಲ್ಲಿ ಎರಡನೇ ಸುತ್ತಿನ ಆಸೆ ಇತ್ತು. ಅದರ ಅಗತ್ಯ ಬೀಳಲಿಲ್ಲ. ಸೌತ್ ಕ್ಯಾರೊಲಿನಾದ ಸಂಸದ ಜಿಮ್ ಕ್ಲೈಬರ್ನ್ ಫೆಬ್ರವರಿ 26ರಂದು ಎದ್ದು ನಿಂತು ನನ್ನ ಬೆಂಬಲ ಜೋ ಬೈಡನ್‌ಗೆ ಅಂದರು. ಮೂರು ದಿನ ಬಿಟ್ಟು ಬೈಡನ್ ಆ ರಾಜ್ಯವನ್ನು ಬಾಚಿಕೊಂಡರು. ಪೀಟ್ ಬುಟಿಜೆಜ್, ಏಮಿ ಕ್ಲೋಬುಚಾರ್ ಎರಡೇ ದಿನದಲ್ಲಿ ಕಣ ಬಿಟ್ಟು ಬೈಡನ್ ಕೈ ಎತ್ತಿದರು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ 10 ಬೈಡನ್‌ಗೆ. ಕ್ಲೈಬರ್ನ್ ಸೂಪರ್ ಡೆಲಿಗೇಟೇ. ಮೊದಲ ಸುತ್ತಿನಲ್ಲಿ ಓಟಿಲ್ಲದವರು. ಓಟು ಯಾರಿಗೆ ಬೇಕಿತ್ತು? ಅವರ ಮಾತನ್ನು ಕೇಳುವ ಜನ ಅವರ ಹಿಂದೆ ಇದ್ದರು. 2016ರ ಫೋನ್ ಲೆಕ್ಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಇಲ್ಲಿ ಒಬ್ಬ ಹಿರಿಯ ಹೇಳಿದ್ದನ್ನು ಜನ ಕೇಳಿ, ತಾವೇ ಹೋಗಿ ಓಟು ಹಾಕಿದರು.

2024ಕ್ಕೆ ಬರೋಣ. ಬೈಡನ್ ಪ್ರೈಮರಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ಡೆಲಿಗೇಟುಗಳನ್ನೂ ಗೆದ್ದಿದ್ದರು. ಜೂನ್ 27ರಂದು ಅಟ್ಲಾಂಟಾದಲ್ಲಿ ಟ್ರಂಪ್ ಜೊತೆ ಚರ್ಚೆ. ಮಾತು ತಡವರಿಸಿತು, ಎಳೆ ತಪ್ಪಿತು. ಜುಲೈ 2ರಂದು ಟೆಕ್ಸಾಸ್‌ನ ಸಂಸದ ಲಾಯ್ಡ್ ಡಾಗೆಟ್ ಬಹಿರಂಗವಾಗಿ ಹಿಂದೆ ಸರಿಯಿರಿ ಅಂದರು. ಪಕ್ಷದ ಸಂಸದರಲ್ಲಿ ಅವರೇ ಮೊದಲಿಗರು. ಆಮೇಲೆ ಒಬ್ಬೊಬ್ಬರಾಗಿ 30 ಮಂದಿ ದಾಟಿದರು. ಪೆಲೋಸಿ ಟಿವಿಯಲ್ಲಿ ಕೂತು, ಅಧ್ಯಕ್ಷರು ತೀರ್ಮಾನ ತೆಗೆದುಕೊಳ್ಳಲಿ ಅಂದರು. ಬೈಡನ್ ನಾನು ಹಿಂದೆ ಸರಿಯುವುದಿಲ್ಲ, ಸ್ಪರ್ಧೆಯಲ್ಲೇ ಇರುತ್ತೇನೆ ಅಂತ ಆಗಲೇ ಹತ್ತು ಸಲ ಹೇಳಿಯಾಗಿತ್ತು! ದೊಡ್ಡವರ ಮನೆಯಲ್ಲಿ ಹೊರಡಿ ಅನ್ನುವುದು ಹೀಗೆ. ಜುಲೈ 21, ಭಾನುವಾರ, ಬೈಡನ್ ಪತ್ರ ಬರೆದು ಸರಿದರು.

ಅವರನ್ನು ಸರಿಸಿದ ಸೆನೆಟರುಗಳು, ಸಂಸದರು, ಮಾಜಿ ನಾಯಕರು ಎಲ್ಲ ಯಾರು? ಆರು ವರ್ಷ ಹಿಂದೆ ಯಾರ ಓಟು ಕಿತ್ತುಕೊಂಡಿದ್ದರೋ ಅವರೇ. ಓಟು ಇದ್ದಾಗ ಒಬ್ಬ ಅಭ್ಯರ್ಥಿಯನ್ನೂ ಕೆಡವದವರು ಓಟು ಹೋದ ಮೇಲೆ ಗೆದ್ದ ಅಭ್ಯರ್ಥಿಯನ್ನೇ ಮನೆಗೆ ಕಳಿಸಿದರು.

1980ರ ಕಥೆ ನೆನಪಿದೆಯಾ? ಕೆನಡಿ ಕೇಳಿದ್ದೂ ಇದನ್ನೇ ಅಲ್ವಾ, ಪ್ರೈಮರಿ ಗೆದ್ದ ಅಧ್ಯಕ್ಷರನ್ನು ಬದಲಿಸಲು ಅವಕಾಶ ಕೊಡಿ ಅಂತ. ಅವತ್ತು ನಿಯಮ ಅಡ್ಡ ಬಂತು. 2024ರಲ್ಲಿ ‘ಆತ್ಮಸಾಕ್ಷಿ’ ಅನ್ನುವ ಆ ಸಡಿಲ ಪದದ ಬಗ್ಗೆ ಜುಲೈ ಪೂರ್ತಿ ವಕೀಲರ ವಾದ ನಡೆಯಿತು. ಬೈಡನ್ ತಾವೇ ಸರಿದಿದ್ದರಿಂದ ಅದರ ಪರೀಕ್ಷೆ ಆಗಲಿಲ್ಲ. ಕಮಲಾ ಹ್ಯಾರಿಸ್‌ಗೆ ಸೋಮವಾರ ರಾತ್ರಿಯ ಹೊತ್ತಿಗೆ ಬೇಕಾದಷ್ಟು ಡೆಲಿಗೇಟುಗಳ ಮಾತು ಸಿಕ್ಕಿತ್ತು. ಆಗಸ್ಟ್ ಮೊದಲ ವಾರ ಆನ್‌ಲೈನಿನಲ್ಲೇ ಓಟಾಯಿತು, ನೂರಕ್ಕೆ 99. ಆ ವರ್ಷ ಅವರ ಹೆಸರಿಗೆ ಪ್ರೈಮರಿಯಲ್ಲಿ ಯಾರೂ ಓಟು ಒತ್ತಿರಲಿಲ್ಲ. ಹಂಫ್ರಿ ಆದ ಮೇಲೆ ಹೀಗೆ ಅಭ್ಯರ್ಥಿಯಾದವರು ಇವರೇ. ಆಗಸ್ಟ್ 19ಕ್ಕೆ ಸಮಾವೇಶ ಸೇರಿತು. ಊರು ಮತ್ತದೇ ಶಿಕಾಗೊ.

ರಿಪಬ್ಲಿಕನ್ನರ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅವರಲ್ಲೂ 50 ರಾಜ್ಯ, ರಾಜಧಾನಿ ಮತ್ತು ಐದು ಹೊರ ಪ್ರದೇಶ, ಪ್ರತಿಯೊಂದರಿಂದ ಮೂವರು ಪದಾಧಿಕಾರಿಗಳಿಗೆ ತಾನಾಗಿ ಕುರ್ಚಿ ಇದೆ, ಒಟ್ಟು 168. ಆದರೆ ಅವರಲ್ಲಿ ಬಹುತೇಕರು ತಮ್ಮ ರಾಜ್ಯದ ಫಲಿತಾಂಶಕ್ಕೆ ಕಟ್ಟುಬಿದ್ದವರು. 2016ರಲ್ಲಿ ಟ್ರಂಪ್ ಬೇಡ ಅಂದವರು ಕ್ಲೀವ್‌ಲ್ಯಾಂಡ್ ಸಮಾವೇಶದಲ್ಲಿ ಡೆಲಿಗೇಟುಗಳನ್ನು ಕಟ್ಟಿನಿಂದ ಬಿಡಿಸಲು ಒದ್ದಾಡಿದರು. ಆಗಲಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ‘ಇದು ನಮ್ಮ ಹೈಕಮಾಂಡ್ ಥರಾನೇ ಅಲ್ವೇನ್ರೀ?’ ಅಂದರು. ಅರ್ಧ ಹೌದು ಅಂದೆ. ನಮ್ಮಲ್ಲಿ ಶಾಸಕರು ಸೇರಿ ಒಂದು ಸಾಲಿನ ನಿರ್ಣಯ ಮಾಡಿ ತೀರ್ಮಾನವನ್ನು ದೆಹಲಿಗೆ ಬಿಡುತ್ತಾರೆ. ಆಮೇಲೆ ಯಾರು ಏನು ಹೇಳಿದರು ಅಂತ ನಮಗೆ ಗೊತ್ತಾಗುವುದಿಲ್ಲ. ಅಲ್ಲಿ ಪ್ರತಿಯೊಬ್ಬ ಸೂಪರ್ ಡೆಲಿಗೇಟಿನ ಹೆಸರು, ಯಾರ ಕಡೆ ಅನ್ನುವುದು ಪತ್ರಿಕೆಯಲ್ಲಿ ಬರುತ್ತದೆ. ಹೆಸರು ಹಿಡಿದು ಬೈಯಬಹುದು. ಅಷ್ಟು ವ್ಯತ್ಯಾಸ.

‘ನಿಮ್ಮ ಅಭಿಪ್ರಾಯ ಏನು ಮೇಡಂ, ಆ ಓಟು ವಾಪಸ್ ಕೊಡಬೇಕಾ?’ ಅಂತ ಕಾಲೇಜು ಹುಡುಗಿಯೊಬ್ಬಳು ಕೇಳಿದಳು. ಬೇಡ ಅಂದೆ. ಹಾಗಂತ ಅವರ ಬಾಯಿ ಕಟ್ಟಲೂ ಆಗುವುದಿಲ್ಲ, ಕಟ್ಟಬಾರದು. ಕ್ಲೈಬರ್ನ್ ಥರ ಹೇಳುವುದಿದ್ದರೆ ಜನರ ಮುಂದೆ ಹೇಳಲಿ. 2016ರ ತಪ್ಪಿನಲ್ಲಿ ಅರ್ಧ ಪಾಲು ಎರಡು ಲೆಕ್ಕವನ್ನು ಒಂದೇ ಮಾಡಿ ತೋರಿಸಿದ ಟಿವಿಯವರದು. ಅದನ್ನು ಯಾವ ಸಮಿತಿಯೂ ವಿಚಾರಣೆ ಮಾಡಲಿಲ್ಲ.

ಕೊನೆಯ ಪ್ರಶ್ನೆ ಹಿಂದಿನಿಂದ ಬಂತು. ‘ನಮ್ಮ ಕಡೆಯವರು ಯಾರಾದರೂ ಇದ್ದಾರಾ ಅದರಲ್ಲಿ?’

ಇದ್ದಾರೆ ಅಂದೆ. ಶ್ರೀ ಥಾಣೇದಾರ್. ಹುಟ್ಟಿದ್ದು ಚಿಕ್ಕೋಡಿ, ಬೆಳೆದದ್ದು ಬೆಳಗಾವಿ. ಮಿಷಿಗನ್‌ನ ಡೆಟ್ರಾಯಿಟ್‌ನಿಂದ 2022ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದರು. ಡೆಮಾಕ್ರಟಿಕ್ ಸಂಸದ ಅಂದಮೇಲೆ ತಾನಾಗಿ ಸೂಪರ್ ಡೆಲಿಗೇಟ್. ಚಿಕ್ಕೋಡಿ ಅಂದ ಕೂಡಲೇ ಬೆಳಗಾವಿ ಕಡೆಯವರೊಬ್ಬರು ಜೋರಾಗಿ ಚಪ್ಪಾಳೆ ತಟ್ಟಿದರು. ತಟ್ಟಿ ನಿಲ್ಲಿಸಿ, ‘ಹಂಗಾರ 2024ರಾಗ ಅವರಿಗೆ ಮೊದಲನೇ ಸುತ್ತಿನ್ಯಾಗ ವೋಟ್ ಹಾಕಾಕ ಬಿಟ್ಟಿದ್ರೇನ್ರೀ?’ ಅಂದರು.

ಬಿಟ್ಟಿದ್ದರು ಅಂದೆ. ಕಣದಲ್ಲಿ ಒಬ್ಬರೇ ಇದ್ದರಲ್ಲ.